ಆವಕ ಮುನ್ನೂರು, ಜಾವಕ ಇಪ್ಪತ್ತು

ನಮ್ಮ ಕಣಗಿಲಕೊಪ್ಪ ಸೊಸೈಟಿಗೆ ಎಪ್ಪತ್ತೈದು ವರ್ಷ ತುಂಬಿದಾಗ ಒಂದು ಸ್ಮರಣ ಸಂಚಿಕೆ ಹೊರಬಂತು. ನುಣುಪು ಕಾಗದ, ಬಣ್ಣದ ಮುದ್ರಣ, ನೂರಾ ಇಪ್ಪತ್ತು ಪುಟ. ಅದರಲ್ಲಿ ಸತ್ತ ಅಧ್ಯಕ್ಷರಿದ್ದಾರೆ, ಬದುಕಿರುವ ಅಧ್ಯಕ್ಷರಿದ್ದಾರೆ, ಕಟ್ಟಡಕ್ಕೆ ಜಾಗ ಕೊಟ್ಟವರಿದ್ದಾರೆ, ಕೊಡುತ್ತೇನೆಂದು ಹೇಳಿ ಕೊಡದವರೂ ಇದ್ದಾರೆ. ಗೊಬ್ಬರದ ಗೋದಾಮಿಗೆ ಪೂರ್ತಿ ಒಂದು ಪುಟ. ಆ ನೂರಾ ಇಪ್ಪತ್ತು ಪುಟಗಳನ್ನು ಕೂತು ಟೈಪು ಮಾಡಿದ ತನುಜಾಳ ಹೆಸರು ಮಾತ್ರ ಎಲ್ಲೂ ಇಲ್ಲ. ಪಾಪ, ಗೋದಾಮಿಗಿಂತ ಕಡೆಯಾಗಿ ಹೋದಳು.

ಅದಕ್ಕೇ ನಾನು ಬರೆಯುತ್ತಿದ್ದೇನೆ. ಬರೆಯಲು ಬರುವುದಿಲ್ಲ, ತಪ್ಪಿದ್ದರೆ ಕ್ಷಮಿಸಿ ಎಂದೆಲ್ಲ ಸೋಗು ಹಾಕುವವನಲ್ಲ ನಾನು. ಹೆಸರು ಕೆರಿಯಪ್ಪ ನಾಯ್ಕ. ವಾನಳ್ಳಿಯಿಂದ ಮಂಚಿಕೇರಿವರೆಗೆ ಟೆಲಿಫೋನ್ ಕಂಬ ಹತ್ತಿ ತಂತಿ ಎಳೆದು, ಕಡೆಯ ಹತ್ತು ವರ್ಷ ಎಕ್ಸ್‌ಚೇಂಜಿನ ಒಳಗೆ ಕೂತು ನಿವೃತ್ತನಾದವನು. ಈಗ ಸೊಸೈಟಿಯ ಹನ್ನೊಂದು ನಿರ್ದೇಶಕರಲ್ಲಿ ಒಬ್ಬ.

ನಿರ್ದೇಶಕ ಅಂದಕೂಡಲೇ ದೊಡ್ಡ ಕುಳ ಅಂದುಕೊಳ್ಳಬೇಡಿ. ನಮ್ಮಲ್ಲಿ ಯಾವ ಠರಾವು ಪಾಸಾಗಬೇಕಾದರೂ ಒಬ್ಬ ಸೂಚಕ, ಒಬ್ಬ ಅನುಮೋದಕ ಬೇಕು. ಒಬ್ಬ ಹೇಳಬೇಕು, ಇನ್ನೊಬ್ಬ ಹೌದು ಅನ್ನಬೇಕು. ಅಧ್ಯಕ್ಷ ಶಾಂತಾರಾಮ ಹೆಗಡೆಯವರು ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಉಪಾಧ್ಯಕ್ಷ ವೆಂಕಟ್ರಮಣ ಭಟ್ಟರು ಬಾಯಿಬಿಟ್ಟು ಸೂಚಿಸುತ್ತಾರೆ, ನಾನು ಕೈ ಎತ್ತಿ ಅನುಮೋದಿಸುತ್ತೇನೆ. ಅಡಿಕೆ ತೋಟದ ಹೆಗಡೆಯೋ ಭಟ್ಟರೋ ಒಬ್ಬರು ಸೂಚಿಸಿ ನಾಯ್ಕನೊಬ್ಬ ಅನುಮೋದಿಸಿದರೆ ನಡಾವಳಿ ಪುಸ್ತಕದಲ್ಲಿ ಚಂದ ಕಾಣುತ್ತದೆಯಂತೆ. ಬೇರೆ ದಿನ ಪೇಟೆಯಲ್ಲಿ ಸಿಕ್ಕರೆ ಹೆಗಡೆಯವರಿಗೆ ನಾನು "ಏ ಕೆರಿಯಪ್ಪ". ಮೀಟಿಂಗಿನ ದಿನ ಮಾತ್ರ "ನಾಯ್ಕರೆ". ಎಂಟು ವರ್ಷದಿಂದ ಹೀಗೇ ನಡೆದಿದೆ.

ಇರಲಿ, ನನ್ನ ಪುರಾಣ ಸಾಕು. ತನುಜಾ ನಮ್ಮ ಕೇರಿಯವಳೇ. ಅಪ್ಪನ ಹೆಸರು ದೇವರು ನಾಯ್ಕ. ಹೆಸರಿಗೆ ತಕ್ಕ ಹಾಗೆ ನೆಲದ ಮೇಲೆ ಕಣ್ಣಿಗೆ ಬೀಳುತ್ತಿದ್ದದ್ದು ಕಮ್ಮಿ. ಫೆಬ್ರವರಿ ಬಂತೆಂದರೆ ಹೆಗ್ಗರಣೆ ಕಡೆಯ ಹೊಳೆಸಾಲಿನ ಅಪ್ಪೆಮಾವಿನ ಮರಗಳ ಮೇಲೇ ಇರುತ್ತಿದ್ದ. ಉಪ್ಪಿನಕಾಯಿಯ ಅಪ್ಪೆಮಿಡಿ ಕೊಯ್ಯುವುದು ಎಲ್ಲರಿಗೂ ಬರುವ ಕೆಲಸವಲ್ಲ. ಮಿಡಿ ನೆಲಕ್ಕೆ ಬಿದ್ದು ಪೆಟ್ಟಾದರೆ ಉಪ್ಪುನೀರಿನಲ್ಲಿ ಕೊಳೆಯುತ್ತದೆ. ತೊಟ್ಟು ಸಮೇತ ಕೊಯ್ದು ಬುಟ್ಟಿಯಲ್ಲಿ ಇಳಿಸಬೇಕು. ಅವನು ಮೇಲಿಂದ ಬಿಟ್ಟ ಬುಟ್ಟಿಯನ್ನು ಕೆಳಗೆ ಹಗ್ಗ ಹಿಡಿದು ಇಳಿಸಿಕೊಳ್ಳುತ್ತಿದ್ದವಳು ತನುಜಾ. ಯಾವ ಮರದ ಮಿಡಿಗೆ ಜೀರಿಗೆ ವಾಸನೆ, ಯಾವುದಕ್ಕೆ ಕರ್ಪೂರದ್ದು ಎಂದು ಕಣ್ಣುಮುಚ್ಚಿ ಮೂಸಿ ಹೇಳುತ್ತಿದ್ದಳು.

ಸಿದ್ದಾಪುರದಲ್ಲಿ ಬಿ.ಕಾಂ. ಮಾಡಿದಳು. ದಿನಾ ಬಸ್ಸಿಗೆ ಜೋತುಬಿದ್ದು ಶಿರಸಿಗೆ ಹೋಗಿ ಕಂಪ್ಯೂಟರ್ ಕಲಿತಳು. ಇಪ್ಪತ್ಮೂರನೇ ವಯಸ್ಸಿಗೆ ಸೊಸೈಟಿಗೆ ಹಂಗಾಮಿ ಕೆಲಸಕ್ಕೆ ಸೇರಿದಳು. ಹಂಗಾಮಿ ಅಂದರೆ ಆರು ತಿಂಗಳಿಗೊಮ್ಮೆ ಚೀಟಿ ಹೊಸದಾಗಬೇಕು. ಆರು ತಿಂಗಳು, ಆರು ತಿಂಗಳು ಅನ್ನುತ್ತ ಹನ್ನೊಂದು ವರ್ಷ ಆಯಿತು. ಈ ನಡುವೆ ಅವಳ ನಂತರ ಬಂದ ಇಬ್ಬರು ಖಾಯಂ ಆದರು. ಅವರಿಗೆ ಮೌಸ್ ಹಿಡಿಯಲು ಕಲಿಸಿದ್ದು ಇವಳೇ. ಅವರು ಯಾರ ಅಳಿಯ, ಯಾರ ತಂಗಿಯ ಮಗ ಎಂದು ಬರೆದರೆ ನನಗೆ ಊರಲ್ಲಿ ನೀರು ಹುಟ್ಟುವುದಿಲ್ಲ.

ನಮ್ಮ ಸೊಸೈಟಿಯ ಉಪವಿಧಿಯಲ್ಲಿ ಒಂದು ಕಲಮು ಇದೆ. ಮೂವತ್ತೈದು ದಾಟಿದವರನ್ನು ಖಾಯಂ ಮಾಡುವ ಹಾಗಿಲ್ಲ. ತನುಜಾಳಿಗೆ ಬರುವ ಜೂನ್ ಒಂಬತ್ತಕ್ಕೆ ಮೂವತ್ತೈದು ತುಂಬುತ್ತಿತ್ತು. ಅದು ಎಲ್ಲರಿಗೂ ಗೊತ್ತಿತ್ತು, ಅವಳಿಗಂತೂ ದಿನಾ ಬೆಳಿಗ್ಗೆ ಎದ್ದಕೂಡಲೇ ಗೊತ್ತಾಗುತ್ತಿತ್ತು.

ಅಂಥ ಹೊತ್ತಿನಲ್ಲಿ ಅವಳ ತಲೆಗೆ ಒಂದು ವಿಚಾರ ಹೊಳೆಯಿತು. ಸದಸ್ಯರ ಮನೆಯ ಹೆಂಗಸರು ಅಪ್ಪೆಮಿಡಿಯನ್ನು ಉಪ್ಪುನೀರಿಗೆ ಹಾಕಿ ಸೊಸೈಟಿಗೆ ತರುವುದು, ಬೇಕಾದವರು ವೆಬ್‌ಸೈಟಿನಲ್ಲಿ ಬುಕಿಂಗ್ ಮಾಡುವುದು, ಸೊಸೈಟಿ ಪಾರ್ಸಲ್ ಕಳಿಸುವುದು. ಯಾವ ಮರದ್ದು, ಯಾವ ಹೊಳೆಸಾಲಿನದು ಎಂದು ಹೆಸರು ಹೇಳಿ ಮಾರುವುದು. ಮೊಬೈಲಿನಲ್ಲಿ ನೋಡಿ ನೋಡಿ ತಾನೇ ಕಲಿತು, ಊಟದ ಬಿಡುವಿನಲ್ಲಿ ಕೂತು ಸೈಟನ್ನೂ ಕಟ್ಟಿದಳು. ಅರವತ್ತು ಮನೆಯ ಹೆಂಗಸರು ಹೆಸರು ಕೊಟ್ಟರು. ನನ್ನ ಹೆಂಡತಿ ದೇವಿಯೂ ಕೊಟ್ಟಳು.

ಶಾಂತಾರಾಮ ಹೆಗಡೆಯವರು ಎಲ್ಲರೆದುರೇ ಮಾತು ಕೊಟ್ಟರು. "ತನುಜಾ, ಈ ಬುಕಿಂಗ್ ಒಂದು ಚೊಲೋ ನಡೀಲಿ. ಮೇ ತಿಂಗಳ ಮೀಟಿಂಗಿನಲ್ಲಿ ನಿನ್ನ ಖಾಯಂ ಠರಾವು ಮಾಡಿಯೇ ಬಿಡೂದು. ನಾನಿದ್ದೇನೆ."

ಅವಳು ನಂಬಿದಳು. ಹನ್ನೊಂದು ವರ್ಷ ಅದೇ ಕಟ್ಟಡದಲ್ಲಿ ಕೂತಿದ್ದೂ ನಂಬಿದಳಲ್ಲ, ಅದೇ ನನಗೆ ಆಶ್ಚರ್ಯ.

ಈಗ ಬಂತು ನೋಡಿ ನಮ್ಮ ನಿರ್ದೇಶಕ ಮಂಡಳಿಯ ಬುದ್ಧಿ. ಸೈಟನ್ನು ಪೇಟೆಯ ಹೋಸ್ಟಿಂಗ್ ಕಂಪನಿಯ ಯಂತ್ರದಲ್ಲಿ ಬಾಡಿಗೆಗೆ ಇಡೋಣ, ಕಮ್ಮಿ ತಲೆನೋವು ಎಂದು ತನುಜಾ ಬರೆದುಕೊಟ್ಟಳು. ಮಂಡಳಿಗೆ ಅವಮಾನವಾದಂತಾಯಿತು. ಸ್ವಂತ ಕಟ್ಟಡ, ಸ್ವಂತ ಗೋದಾಮು, ಸ್ವಂತ ತೂಕದ ಕಾಟಾ ಇರುವ ಸೊಸೈಟಿ ಹೋಗಿ ಯಾರದೋ ಬಾಡಿಗೆ ಮನೆಯಲ್ಲಿ ಅಂಗಡಿ ಇಡುವುದೆ? ಸ್ವಂತ ಸರ್ವರೇ ಬೇಕು ಎಂದಾಯಿತು. ಬಂತು ಸರ್ವರು. ಕುಂಕುಮ ಹಚ್ಚಿ, ಸೇವಂತಿಗೆ ಮಾಲೆ ಹಾಕಿ, ಕಾಯಿ ಒಡೆದು, ಅಧ್ಯಕ್ಷರ ಕೋಣೆಯ ಗಾಜಿನ ಕಪಾಟಿನಲ್ಲಿ ಪ್ರತಿಷ್ಠಾಪನೆ ಮಾಡಿದರು. ಗಾಳಿ ಆಡಲಿ ಎಂದು ತನುಜಾ ಕಪಾಟಿನ ಬಾಗಿಲು ತೆಗೆದಿಟ್ಟರೆ, ಧೂಳು ಕೂರ್ತದೆ ಎಂದು ಭಟ್ಟರು ಮುಚ್ಚುತ್ತಿದ್ದರು. ದಿನಾ ಇದೇ ಆಟ.

ಇನ್ನು ಉಳಿದದ್ದು ಇಂಟರ್ನೆಟ್ ಲೈನು. ಎಷ್ಟು ಸ್ಪೀಡಿನದು ಬೇಕು? ನಿಯಮದ ಪ್ರಕಾರ ಮೂರು ಕೊಟೇಶನ್ ತರಿಸಿದರು. ಒಂದರಲ್ಲಿ ಒಳಗೆ ಬರುವ ವೇಗ ಸೆಕೆಂಡಿಗೆ ಐವತ್ತು ಮೆಗಾಬಿಟ್, ಹೊರಗೆ ಹೋಗುವ ವೇಗವೂ ಐವತ್ತು. ಎರಡನೆಯದರಲ್ಲಿ ಒಳಗೆ ನೂರು, ಹೊರಗೆ ಹತ್ತು. ಮೂರನೆಯದರಲ್ಲಿ ಒಳಗೆ ಮುನ್ನೂರು, ಹೊರಗೆ ಇಪ್ಪತ್ತು.

ಮೀಟಿಂಗಿನ ಹಿಂದಿನ ಭಾನುವಾರ ಬೆಳಿಗ್ಗೆ ತನುಜಾ ಮೂರೂ ಕೊಟೇಶನ್ನಿನ ಝೆರಾಕ್ಸ್ ಹಿಡಿದು ನಮ್ಮ ಮನೆಗೆ ಬಂದಳು. ಜಗಲಿಯ ಮೇಲೆ ಹರಡಿದಳು.

"ಮಾವ, ನೀವು ಟೆಲಿಫೋನಾಗೆ ಇದ್ದವರು. ನಾ ಹೇಳೂದು ಸರಿ ಅದೆಯಾ ನೋಡಿ."

ನೋಡಿದೆ. ಇದೇನು ಬ್ರಹ್ಮವಿದ್ಯೆಯಲ್ಲ, ಕಂಬ ಹತ್ತಿದವನಿಗೂ ತಿಳಿಯುತ್ತದೆ. ನೀವು ಮನೆಯಲ್ಲಿ ಕೂತು ಸಿನಿಮಾ ನೋಡುವಾಗ ನಿಮಗೆ ಬೇಕಾದದ್ದು ಒಳಗೆ ಬರುವ ವೇಗ. ಡೌನ್‌ಲೋಡ್ ಅನ್ನುವುದು ಅದಕ್ಕೇ. ಆದರೆ ಸರ್ವರನ್ನು ನಿಮ್ಮ ಕಟ್ಟಡದಲ್ಲೇ ಇಟ್ಟು ಊರಿಗೆಲ್ಲ ಅಂಗಡಿ ತೆರೆದಿರೆಂದರೆ, ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ನೋಡುವ ಪ್ರತಿಯೊಬ್ಬನಿಗೂ ಪುಟವನ್ನು ನೀವು ಇಲ್ಲಿಂದ ಕಳಿಸಬೇಕು. ಅದು ಹೋಗುವುದು ಹೊರಗೆ ಹೋಗುವ ದಾರಿಯಲ್ಲಿ, ಅಂದರೆ ಅಪ್‌ಲೋಡಿನಲ್ಲಿ. ಆ ದಾರಿ ಕಿರಿದಾದರೆ ಒಳಗೆ ಬರುವ ದಾರಿ ಮುನ್ನೂರಿದ್ದರೇನು, ಮೂರು ಸಾವಿರವಿದ್ದರೇನು?

"ಸರಿಯೇ ಅದೆ," ಅಂದೆ. "ಸರ್ವರ್ ಇಲ್ಲೇ ಇಡೂದಾದ್ರೆ ಐವತ್ತು-ಐವತ್ತರದ್ದೇ ಆಗ್ಬೇಕು."

"ಹಂಗಾರೆ ಮೀಟಿಂಗಾಗೆ ಇಷ್ಟೇ ಹೇಳಿ ಮಾವ. ನಾ ಹೇಳಿದ್ರೆ ಹೆಣ್ಮಗಳ ಮಾತು, ಅದ್ರಾಗೂ ಹಂಗಾಮಿ. ನೀವು ಹೇಳಿದ್ರೆ ಕೇಳ್ತರೆ."

"ಹೇಳುವ, ಅದ್ಕೆಂತ," ಅಂದೆ. ದೇವಿ ಚಾ ತಂದುಕೊಟ್ಟಳು. ತನುಜಾ ಕುಡಿದು ಹೋದಳು.

ಮೀಟಿಂಗಿನಲ್ಲಿ ಅವಲಕ್ಕಿ ತಿಂದು, ಚಾ ಕುಡಿದು, ಬಾಯಿಗೆ ಎಲೆಅಡಿಕೆಯ ಕವಳ ಹಾಕಿಕೊಂಡು ಹನ್ನೊಂದು ಜನ ಕೊಟೇಶನ್ ನೋಡಲು ಕೂತರು. ಇವರೆಲ್ಲ ಅಡಿಕೆ ವ್ಯಾಪಾರದಲ್ಲಿ ಹಣ್ಣಾದವರು. ಅಡಿಕೆ ಯಾರ್ಡಿನಲ್ಲಿ ಒಳಗೆ ಬರುವ ಮಾಲಿಗೆ ಆವಕ, ಹೊರಗೆ ಹೋಗುವುದಕ್ಕೆ ಜಾವಕ. ಆಫೀಸಿಗೆ ಬರುವ ಪತ್ರಕ್ಕೂ ಆವಕ ಪುಸ್ತಕ, ಹೋಗುವ ಪತ್ರಕ್ಕೆ ಜಾವಕ ಪುಸ್ತಕ. ಹುಟ್ಟಿದಾಗಿನಿಂದ ಈ ಎರಡು ಪುಸ್ತಕದ ನಡುವೆಯೇ ಓಡಾಡಿದ ಜನ. ಆವಕ ಹೆಚ್ಚಾದರೆ ಸೊಸೈಟಿಗೆ ಹೆಸರು, ಪೇಪರಿನಲ್ಲಿ ಫೋಟೊ.

ಹೆಗಡೆಯವರು ಕನ್ನಡಕ ಏರಿಸಿ ಮೂರನೇ ಕೊಟೇಶನ್ ಎತ್ತಿಕೊಂಡರು. ಮುಖ ಅರಳಿತು.

"ಏ ವೆಂಕಟ್ರಮಣ, ಇಲ್ಲಿ ನೋಡಾ. ಆವಕ ಮುನ್ನೂರು ಇದ್ದು, ಜಾವಕ ಬರೀ ಇಪ್ಪತ್ತು! ಇದಕ್ಕಿಂತ ಚೊಲೋದು ಇನ್ನೆಂತ ಬೇಕು?"

"ಹೌದಲ!" ಅಂದರು ಭಟ್ಟರು. "ಈ ಐವತ್ತರದ್ದರಲ್ಲಿ ಬಂದಷ್ಟೂ ಹೊರಗೆ ಹೋಗ್ತು. ಒಳಗೆ ಉಳಿಯೂದೆಂತ? ಸೊನ್ನೆ."

ದೇವರಾಣೆ, ಹೀಗೇ ಹೇಳಿದರು. ಪದವಿ ಪಡೆದ ಮನುಷ್ಯ. ಉಳಿದವರೆಲ್ಲ ತಲೆದೂಗಿದರು. ಮನೆಗೆ ಬರುವುದು ಹೆಚ್ಚಿರಬೇಕು, ಮನೆಯಿಂದ ಹೋಗುವುದು ಕಮ್ಮಿಯಿರಬೇಕು ಎಂದು ಒಬ್ಬರು ತಮ್ಮ ಅಜ್ಜ ಹೇಳುತ್ತಿದ್ದುದನ್ನು ನೆನೆಸಿಕೊಂಡರು. ಅವರ ಅಜ್ಜ ಸತ್ತು ಅರವತ್ತು ವರ್ಷವಾಗಿದೆ. ಆತ ಇಂಟರ್ನೆಟ್ ಬಗ್ಗೆ ಹೇಳಿದ್ದಂತೂ ಅಲ್ಲ.

ಮೂಲೆಯಲ್ಲಿ ಕಾಗದ ಹಿಡಿದು ನಿಂತಿದ್ದ ತನುಜಾ ಮುಂದೆ ಬಂದಳು. "ಅಧ್ಯಕ್ಷರೆ, ಇದು ಮಾಲಿನ ಲೆಕ್ಕ ಅಲ್ಲ. ಸರ್ವರ್ ಅಂದ್ರೆ ಬಡಿಸೂದು, ಉಣ್ಣೂದಲ್ಲ. ಹೊರಗೆ ಇನ್ನೂರು ಜನ ಎಲೆ ಹಾಕಿ ಕೂತರೆ, ನಮ್ಮತ್ರ ಒಂದೇ ಸೌಟು ಇದ್ದರೆ ಕಡೆಯವನಿಗೆ ಯಾವಾಗ ಬಡಿಸೂದು? ಆ ಸೌಟೇ ಈ ಇಪ್ಪತ್ತು. ಮುನ್ನೂರು ನಮಗೆ ಉಪಯೋಗಕ್ಕೇ ಬರೂದಿಲ್ಲ."

ಇದಕ್ಕಿಂತ ಬಿಡಿಸಿ ಯಾರು ಹೇಳಬೇಕು? ಊಟದ ಪಂಕ್ತಿಯ ಭಾಷೆಯಲ್ಲೇ ಹೇಳಿದಳು, ಅದೊಂದಾದರೂ ತಿಳಿಯಲಿ ಎಂದು.

"ನಮ್ಮಲ್ಲಿ ಬಡಿಸೂಕೆ ಜನಕ್ಕೆ ಬರಗಾಲ ಇಲ್ಲ ತಂಗಿ," ಅಂದರು ಭಟ್ಟರು. ಎಲ್ಲರೂ ನಕ್ಕರು. ಕವಳದ ಬಾಯಿ, ಒಬ್ಬರ ಪಂಚೆಯ ಮೇಲೆ ಹನಿ ಬಿತ್ತು.

ಹೆಗಡೆಯವರು ನಗಲಿಲ್ಲ. "ಆವಕ ಜಾವಕ ಅಂದರೆ ಎಂತದು ಅಂತ ನನಗೆ ಹೇಳೂಕೆ ಬರಬೇಡ ನೀನು. ನಿನ್ನ ಕೆಲಸ ಟೈಪು ಮಾಡೂದು."

ತನುಜಾ ನನ್ನ ಕಡೆ ನೋಡಿದಳು. ನಾನು ಕೊಟೇಶನ್ನಿನ ಹಿಂಬದಿ ನೋಡುತ್ತಿದ್ದೆ. ಹಿಂಬದಿಯಲ್ಲಿ ಏನೂ ಬರೆದಿರಲಿಲ್ಲ.

"ಸೂಚಕರು ವೆಂಕಟ್ರಮಣ ಭಟ್ಟರು," ಎಂದು ಹೆಗಡೆಯವರು ಬರೆಸಿದರು. ಆಮೇಲೆ ನನ್ನ ಕಡೆ ತಿರುಗಿ ಬಾಯಿತುಂಬ ಕರೆದರು. "ನಾಯ್ಕರೆ?"

ಕೈ ಎತ್ತಿದೆ. ಹೌದು, ನಾನೇ. ಏನೀಗ? ಹತ್ತು ಜನರ ಎದುರು ಒಬ್ಬನೇ ಎದ್ದು ನಿಲ್ಲುವುದೆಂದರೆ ಏನೆಂದು ಮನೆಯಲ್ಲಿ ಕೂತು ಓದುವವರಿಗೆ ತಿಳಿಯುವುದಿಲ್ಲ. ಬರುವ ಚುನಾವಣೆಗೆ ಹೆಗಡೆಯವರ ಪ್ಯಾನಲಿನಲ್ಲಿ ನನ್ನ ಹೆಸರಿತ್ತು. ಒಂದು ಲೈನಿನ ವಿಷಯಕ್ಕೆ ಯಾಕೆ ಮುಖ ಕೆಡಿಸಿಕೊಳ್ಳುವುದು, ಆಮೇಲೆ ಸರಿಮಾಡಿದರಾಯಿತು ಎಂದುಕೊಂಡೆ.

ಸರಿಮಾಡಲು ನೋಡಿದ್ದು ನಾನಲ್ಲ, ತನುಜಾ. ಅತ್ತು ಕರೆದು ಮಾಡಲಿಲ್ಲ. ಇಪ್ಪತ್ತು ಅಂದರೆ ಇಪ್ಪತ್ತೇ, ಅದರಲ್ಲೇ ದಾಟಿಸುತ್ತೇನೆ ಎಂದು ಹಟ ಹಿಡಿದು ಕೂತಳು. ಸೈಟಿನ ಮೊದಲ ಪುಟದಲ್ಲಿ ಹನ್ನೊಂದು ನಿರ್ದೇಶಕರ ಫೋಟೊ ಇರಲೇಬೇಕೆಂದು ಇನ್ನೊಂದು ಠರಾವಾಗಿತ್ತು. ಮಾವಿನ ಮಿಡಿ ಕೊಳ್ಳಲು ಬಂದವನು ಮೊದಲು ನಮ್ಮ ಮೋರೆ ನೋಡಬೇಕು! ಸಿದ್ದಾಪುರದ ಸ್ಟುಡಿಯೋದವನನ್ನು ಕರೆಸಿ ದೊಡ್ಡ ಕ್ಯಾಮೆರಾದಲ್ಲಿ ತೆಗೆಸಿದ್ದು. ಒಂದೊಂದು ಫೋಟೊ ಐದೈದು ಎಂಬಿ. ತನುಜಾ ಅವನ್ನು ಕುಗ್ಗಿಸಿ ಕುಗ್ಗಿಸಿ, ಇಡೀ ಪುಟವೇ ಒಂದು ಎಂಬಿಯೊಳಗೆ ಬರುವಂತೆ ಮಾಡಿದಳು. ಹಾಗೆಯೇ ಬಿಟ್ಟಿದ್ದರೆ ಆ ಕಿರಿದಾದ ದಾರಿಯಲ್ಲೂ ಏದುಸಿರು ಬಿಡುತ್ತ ಹೋಗುತ್ತಿತ್ತೇನೋ.

ಬಿಟ್ಟರೆ ತಾನೆ? ಬುಕಿಂಗಿಗೆ ಮೂರು ದಿನ ಇರುವಾಗ ಭಟ್ಟರು ಮೊಬೈಲಿನಲ್ಲಿ ತಮ್ಮ ಮುಖವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದರು. ಮುಖ ಮಸುಕಾಯಿತು. ಹುಬ್ಬು ಎಲ್ಲಿ, ಹಣೆ ಎಲ್ಲಿ ತಿಳಿಯಲಿಲ್ಲವಂತೆ. ಆಫೀಸಿಗೆ ಬಂದು ಕೂಗಾಡಿದರು. "ನಮ್ಮ ಫೋಟೊ ಹಾಳು ಮಾಡಿ ಹಾಕಿದ್ದೆಯಾ? ಸ್ಟುಡಿಯೋದವ ಕೊಟ್ಟ ಹಾಗೇ ಇರಬೇಕು, ಒಂದು ಗೆರೆ ಕಮ್ಮಿ ಆಗೂಕಿಲ್ಲ."

ನಾನೂ ಅಲ್ಲೇ ಇದ್ದೆ. ನನ್ನದನ್ನೂ ಹಿಗ್ಗಿಸಿ ನೋಡಿದೆ. ಜನ್ಮದಲ್ಲಿ ಮೊದಲ ಸಲ ಕೋಟು ಹಾಕಿ ತೆಗೆಸಿದ್ದು. ಮಸುಕಾಗಿತ್ತು. "ದೊಡ್ಡದೇ ಹಾಕು ತನುಜಾ," ಅಂದೆ ನಾನೂ.

ಅವಳು ನನ್ನ ಮುಖ ನೋಡಿದಳು. ದೊಡ್ಡದೇ ಹಾಕಿದಳು. ಮೊದಲ ಪುಟದ ತೂಕ ಐವತ್ತೈದು ಎಂಬಿ ದಾಟಿತು. ಒಂದು ಎಂಬಿಗೆ ಎಂಟು ಮೆಗಾಬಿಟ್ ಲೆಕ್ಕ ಹಿಡಿದರೆ ಆ ಲೈನಿನಲ್ಲಿ ಒಬ್ಬ ಗಿರಾಕಿಗೆ ಪುಟ ಪೂರ್ತಿ ತಲುಪಲು ಇಪ್ಪತ್ತೆರಡು ಸೆಕೆಂಡು ಬೇಕು, ಅದೂ ಅವನೊಬ್ಬನೇ ಇದ್ದರೆ. ಇನ್ನೂರು ಜನ ಒಟ್ಟಿಗೆ ಬಂದರೆ ಒಂದು ತಾಸು ದಾಟುತ್ತದೆ. ಅವಳು ಅದನ್ನೆಲ್ಲ ಬರೆದು ಅಧ್ಯಕ್ಷರ ಮೇಜಿನ ಮೇಲೆ ಇಟ್ಟಿದ್ದಳು. ಅದರ ಮೇಲೆ ಚಾ ಲೋಟ ಇಟ್ಟಿದ್ದನ್ನು ನಾನು ನೋಡಿದೆ.

ಮಾರ್ಚ್ ಒಂದು, ಬೆಳಿಗ್ಗೆ ಹತ್ತಕ್ಕೆ ಬುಕಿಂಗ್. ಗೋದಾಮಿನಲ್ಲಿ ನಲವತ್ತು ಡ್ರಮ್ಮು ಮಿಡಿ ಸಾಲಾಗಿ ನಿಂತಿತ್ತು. ಹೊರಗಿನ ಊರುಗಳಲ್ಲಿ ಜನ ಕಾದು ಕೂತಿದ್ದರು. ಹೊಳೆಸಾಲಿನ ಮಿಡಿ ಹೆಸರು ಹೇಳಿ ಸಿಗುತ್ತದೆ ಎಂದರೆ ನಮ್ಮ ಕಡೆಯ ನೆಂಟರು ಬಿಡುತ್ತಾರೆಯೆ? ಹನ್ನೊಂದು ನಿರ್ದೇಶಕರು ಇಸ್ತ್ರಿ ಅಂಗಿ ಹಾಕಿ ಮೀಟಿಂಗ್ ಹಾಲಿನಲ್ಲಿ ಕೂತರು. ಹತ್ತು ಗಂಟೆಗೆ ಸರಿಯಾಗಿ ಹೆಗಡೆಯವರು ಗುಂಡಿ ಒತ್ತಿದರು, ಚಪ್ಪಾಳೆಯಾಯಿತು.

ಎಲ್ಲರೂ ಮೊಬೈಲ್ ತೆಗೆದು ನೋಡಿದರು. ಟಪ್ಪೆಂದು ತೆರೆಯಿತು. ಹನ್ನೊಂದೂ ಮುಖ ಥಳಥಳ. ಯಾಕೆ ತೆರೆಯುವುದಿಲ್ಲ? ಇವರ ಮೊಬೈಲು ಆಫೀಸಿನದೇ ವೈಫೈಗೆ ಕೂಡಿಕೊಂಡಿತ್ತು, ಸರ್ವರು ಪಕ್ಕದ ಕೋಣೆಯಲ್ಲಿತ್ತು. ಅದು ಹೊರಗೆ ಹೋಗುವ ಲೈನನ್ನು ಮುಟ್ಟುವ ಪ್ರಮೇಯವೇ ಇಲ್ಲ.

ಹತ್ತೂ ಐದಕ್ಕೆ ಆಫೀಸಿನ ಫೋನು ಬಡಿದುಕೊಳ್ಳತೊಡಗಿತು. ಮೊದಲು ಹುಬ್ಬಳ್ಳಿಯಿಂದ ಒಬ್ಬರು. "ಏನ್ರೀ ಇದು, ನಿಮ್ಮ ಸೈಟ್ ತೆರೀವಲ್ದು. ಅರ್ಧ ಒಂದ್ ಮಾರಿ ಕಾಣಾಕತ್ತೈತಿ, ಹಣಿ ಅಷ್ಟ. ಮಾವಿನಕಾಯಿ ಎಲ್ಲೈತ್ರಿ?" ಆಮೇಲೆ ಬೆಂಗಳೂರು, ಪುಣೆ, ಮತ್ತೆ ಬೆಂಗಳೂರು. ತನುಜಾ ಓಡಿಬಂದು, "ಅಧ್ಯಕ್ಷರೆ, ಫೋಟೊ ತೆಗೆದುಹಾಕ್ತೆ, ಈಗಲಾದ್ರೂ ಬಿಡಿ," ಅಂದಳು.

"ಇಲ್ಲಿ ಓಪನ್ ಆಗ್ತಿದೆಯಲ್ಲ!" ಎಂದು ಹೆಗಡೆಯವರು ಮೊಬೈಲನ್ನು ಅವಳ ಮೂಗಿನ ಹತ್ತಿರ ಹಿಡಿದರು. ಭಟ್ಟರು ಸ್ಪೀಡ್ ಟೆಸ್ಟ್ ಮಾಡಿ, "ಮುನ್ನೂರು ಬಂಜು, ಮುನ್ನೂರು!" ಎಂದು ಎಲ್ಲರಿಗೂ ತೋರಿಸುತ್ತ ಓಡಾಡಿದರು. ಕೆಳಗೆ ಇನ್ನೊಂದು ಅಂಕಿ ಇತ್ತು. ಅದನ್ನು ಯಾರೂ ನೋಡಲಿಲ್ಲ. ನಾನು ನೋಡಿದೆ.

ಮಧ್ಯಾಹ್ನದ ಹೊತ್ತಿಗೆ ಬುಕಿಂಗ್ ಆದದ್ದು ಒಂಬತ್ತು ಜನರದ್ದು. ಅದರಲ್ಲಿ ಇಬ್ಬರು ನಿರ್ದೇಶಕರ ಮಕ್ಕಳು. ಬೇಸತ್ತ ಗಿರಾಕಿಗಳು ಬೇರೆ ಕಡೆ ಕೊಂಡರು, ಮತ್ತೆ ತಿರುಗಿ ನೋಡಲಿಲ್ಲ. ನಲವತ್ತು ಡ್ರಮ್ಮಿನಲ್ಲಿ ಮೂವತ್ತೆಂಟನ್ನು ಕಡೆಗೆ ಉಪ್ಪಿನಕಾಯಿ ಕಾರ್ಖಾನೆಯವನು ಬಂದು, ಜೀರಿಗೆ ಕರ್ಪೂರ ಯಾವುದೂ ನೋಡದೆ ಒಟ್ಟಿಗೆ ಸುರಿದುಕೊಂಡು ಹೋದ. ಲಾರಿ ತುಂಬುವಾಗ ತನುಜಾ ಗೋದಾಮಿನ ಬಾಗಿಲಲ್ಲಿ ನಿಂತಿದ್ದಳು. ಅವಳ ಅಪ್ಪ ಕೊಯ್ದದ್ದೂ ಅದರಲ್ಲಿತ್ತು.

ಮೇ ತಿಂಗಳ ಮೀಟಿಂಗು ಬಂತು. ಖಾಯಂ ಠರಾವು ಆಗಬೇಕಾದ ಮೀಟಿಂಗು. ಕಾರ್ಯಸೂಚಿಯಲ್ಲಿ ಬರೆದದ್ದು ಮಾತ್ರ "ವೆಬ್‌ಸೈಟ್ ವೈಫಲ್ಯದ ಬಗ್ಗೆ". ಅವಳನ್ನು ಕರೆಸಿ ನಿಲ್ಲಿಸಿದರು. ಅದೇನು ಧಿಮಾಕು ಅನ್ನುತ್ತೀರಿ! ತಪ್ಪು ಮಾಡಿದವರು ಕುರ್ಚಿಯಲ್ಲಿ, ಬೇಡ ಅಂದವಳು ನಿಂತುಕೊಂಡು.

"ಎಂತ ಹೇಳೂದುಂಟು?" ಅಂದರು ಹೆಗಡೆಯವರು.

"ನಾ ಮೊದಲೇ ಹೇಳಿದ್ದೆ. ಬರೆದೂ ಕೊಟ್ಟಿದ್ದೆ."

ನಡಾವಳಿ ಪುಸ್ತಕ ತೆಗೆಸಿದರು. ಅದರಲ್ಲಿ ಠರಾವು ಇತ್ತು, ಸೂಚಕರಿದ್ದರು, ಅನುಮೋದಕರಿದ್ದರು. ತನುಜಾ ಹೇಳಿದ ಒಂದಕ್ಷರವೂ ಇರಲಿಲ್ಲ. ನೌಕರರ ಮಾತನ್ನು ನಡಾವಳಿಯಲ್ಲಿ ಬರೆಯುವ ಕ್ರಮ ನಮ್ಮಲ್ಲಿಲ್ಲ. ಅವಳು ಬರೆದುಕೊಟ್ಟ ಕಾಗದ ಯಾರಿಗೂ ಸಿಗಲಿಲ್ಲ.

ಆಗ ಹೆಗಡೆಯವರು ನನ್ನ ಕಡೆ ತಿರುಗಿದರು. "ನಾಯ್ಕರೆ, ನೀವು ಟೆಲಿಫೋನ್ ಖಾತೆಯಲ್ಲಿ ಇದ್ದವರು, ತಿಳಿದವರು. ನೀವೇ ಹೇಳಿ. ಲೈನಿನಲ್ಲಿ ದೋಷ ಇತ್ತಾ?"

ತನುಜಾ ತಲೆ ಎತ್ತಿದಳು. ಅವಳ ಕಣ್ಣಲ್ಲಿ ಆಸೆ ಇತ್ತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿ ಕಾಣುತ್ತಿತ್ತು.

"ಲೈನಿನಲ್ಲಿ ದೋಷ ಇರಲಿಲ್ಲ," ಅಂದೆ.

ಸುಳ್ಳಲ್ಲ ನೋಡಿ. ಲೈನು ಸರಿಯಾಗಿಯೇ ಇತ್ತು. ಇಪ್ಪತ್ತು ಕೊಡುತ್ತೇನೆಂದವನು ಇಪ್ಪತ್ತು ಕೊಟ್ಟಿದ್ದ. ಆರಿಸಿದವರಲ್ಲಿ ದೋಷ ಇತ್ತಾ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹನ್ನೊಂದು ವರ್ಷ ದುಡಿದವಳ ಹಂಗಾಮಿ ಚೀಟಿಯನ್ನು ಮುಂದುವರಿಸುವುದು ಬೇಡ ಎಂದು ಠರಾವು ಬರೆದರು. ಸೂಚಕರು ವೆಂಕಟ್ರಮಣ ಭಟ್ಟರು. ಅನುಮೋದಕರು ಯಾರೆಂದು ಮತ್ತೆ ಬರೆಯಬೇಕೆ?

ಜೂನ್ ಒಂಬತ್ತು ಬಂತು, ಹೋಯಿತು. ಹೆಗಡೆಯವರ ಪ್ಯಾನಲು ಅವಿರೋಧವಾಗಿ ಆರಿಸಿ ಬಂತು. ದೇವಿ ಮಾತ್ರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಊಟಕ್ಕೆ ಕರೆಯುತ್ತಿದ್ದಳು, ಬಡಿಸುತ್ತಿದ್ದಳು, ಅಷ್ಟೇ.

ಈ ವರ್ಷ ಫೆಬ್ರವರಿ ಕಡೆಯ ವಾರ ಅವಳು ಒಂದು ಸಣ್ಣ ಡ್ರಮ್ಮು ತಂದು ಜಗಲಿಯಲ್ಲಿ ಇಟ್ಟು, "ಸಿದ್ದಾಪುರಕ್ಕೆ ಹೋಗೂದಾದ್ರೆ ಇದನ್ನ ತನುಜಾಂಗೆ ಮುಟ್ಸಿ," ಅಂದಳು. ಆಗಲೇ ಗೊತ್ತಾದದ್ದು. ತನುಜಾ ಸಿದ್ದಾಪುರದಲ್ಲಿ ಝೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ ಹಿಡಿದಿದ್ದಳು. ಸೈಟನ್ನು ಹೋಸ್ಟಿಂಗ್ ಕಂಪನಿಯ ಬಾಡಿಗೆ ಜಾಗದಲ್ಲಿ ಇಟ್ಟಿದ್ದಳು. ಅರವತ್ತು ಮನೆಯ ಹೆಂಗಸರು ಗಂಡಂದಿರಿಗೆ ಹೇಳದೆ ಅವಳಿಗೇ ಮಿಡಿ ಕೊಡುತ್ತಿದ್ದರು. ಬುಕಿಂಗ್ ಹತ್ತಕ್ಕೆ ಶುರುವಾಗಿ ಹತ್ತೂವರೆಗೆ ಮುಗಿದಿತ್ತಂತೆ. ಮಾಲೆ ಇಲ್ಲ, ಚಪ್ಪಾಳೆ ಇಲ್ಲ, ಒಬ್ಬನ ಮೋರೆಯೂ ಇಲ್ಲ.

ಡ್ರಮ್ಮು ಹೊತ್ತು ಮೆಟ್ಟಿಲು ಹತ್ತಿದೆ. ತನುಜಾ ಎದ್ದು ಬಂದು ಡ್ರಮ್ಮಿಗೆ ಕೈಹಾಕಿ ಇಳಿಸಿಕೊಂಡಳು, ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ನನಗೆ ಉಸಿರು ತಿರುಗಿದ್ದೇ ತಡ, ಬಾಯಿ ಬಿಟ್ಟೆ. ಒಂದು ವರ್ಷದಿಂದ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದೆ. ಆ ಶಾಂತಾರಾಮ ಹೆಗಡೆಯಂಥ ಅಹಂಕಾರಿ ಮೂರು ತಾಲೂಕಿನಲ್ಲಿಲ್ಲ ಅಂದೆ. ಆವಕ ಜಾವಕ ಬಿಟ್ಟು ಬೇರೆ ಲೋಕ ಗೊತ್ತಿಲ್ಲದ ಕೊರಡು ಅಂದೆ. ಭಟ್ಟರ ಫೋಟೊ ಹುಚ್ಚನ್ನು ಅಣಕಿಸಿ ತೋರಿಸಿದೆ. ಇಲ್ಲಿ ಬರೆದದ್ದಕ್ಕಿಂತ ಹೆಚ್ಚೇ ಹೇಳಿದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ.

ಅವಳು ನಗಲಿಲ್ಲ. ಡ್ರಮ್ಮಿನ ಮುಚ್ಚಳ ತೆಗೆದು, ಒಂದು ಮಿಡಿ ಎತ್ತಿ ತೊಟ್ಟು ನೋಡಿ, ಮತ್ತೆ ಒಳಗೆ ಬಿಟ್ಟಳು.

"ಅವರ ಮೇಲೆ ನಂಗೆ ಸಿಟ್ಟಿಲ್ಲ ಮಾವ," ಅಂದಳು. "ಅವರಿಗೆ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿತ್ತು."

ದನಿ ಏರಿಸಲಿಲ್ಲ, ಮುಖ ಗಂಟಿಕ್ಕಲಿಲ್ಲ. ದೇವಿಯ ಹೆಸರಿಗೆ ರಶೀದಿ ಬರೆದು ನನ್ನ ಕೈಗೆ ಕೊಟ್ಟಳು. ನಾನು ಅದರ ಹಿಂಬದಿ ತಿರುಗಿಸಿ ನೋಡಿದೆ. ಅಲ್ಲೂ ಏನೂ ಬರೆದಿರಲಿಲ್ಲ.